ಕಲ್ಲು ಜೇಬಿಗೆ ಬಂದದ್ದು

ಮಣಿಪಾಲದ ಒಂದು ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಮೂವತ್ತು ವರ್ಷ ಹುಡುಗರ ಕೈಗೆ ಅರ ಕೊಟ್ಟು ಕಬ್ಬಿಣದ ತುಂಡು ಉಜ್ಜಿಸಿದವನು ನಾನು. ನಿವೃತ್ತಿಯಾಗಿ ಆರು ವರ್ಷವಾಯಿತು. ಈಗಲೂ ಕೇರಿಯಲ್ಲಿ ಯಾರದ್ದಾದರೂ ಕತ್ತರಿ ಕಚ್ಚಿಕೊಂಡರೆ, ಕಾಯಿ ಹೆರೆಯುವ ಮಣೆಯ ಹಲ್ಲು ಮೊಂಡಾದರೆ ನನ್ನ ಗೇಟಿನ ಚಿಲಕ ಸದ್ದು ಮಾಡುತ್ತದೆ. ಕಳೆದ ಡಿಸೆಂಬರಿನಲ್ಲಿ ಹಾಗೆ ಬಂದವನು ಎದುರಿನ ಬಾಡಿಗೆ ಮನೆಯ ಹುಡುಗ, ಇಂಜಿನಿಯರಿಂಗ್ ಮೂರನೇ ವರ್ಷದವನು, ಶಿವಮೊಗ್ಗದ ಕಡೆಯವನು.

"ಸರ್, ಟ್ರೆಕ್ಕಿಂಗಿಗೆ ಒಂದು ಪಾಕೆಟ್ ಶಾರ್ಪನರ್ ತಗೋಬೇಕು. ಯಾವ್ದು ಒಳ್ಳೇದು?"

"ನಿನ್ನತ್ರ ಚೂರಿ ಯಾವುದುಂಟು?"

ಸ್ವಿಸ್ ಚೂರಿ ಇತ್ತು, ಕೆಂಪು ಹಿಡಿಯದ್ದು. ಎರಡು ವರ್ಷದಲ್ಲಿ ಅದರಿಂದ ಏನೇನು ಕೊಯ್ದಿದ್ದಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ಪಾರ್ಸೆಲ್ ಬಾಕ್ಸ್ ಸರ್" ಎಂದ. ಫೋನಿನಲ್ಲಿ ಮಾತ್ರ ಏಳು ಬಗೆಯ ಶಾರ್ಪನರಿನ ಚಿತ್ರ ಕೂಡಿಟ್ಟಿದ್ದ. ಪಾರ್ಸೆಲ್ ಬಾಕ್ಸ್ ಕೊಯ್ಯುವುದಕ್ಕೆ ಏಳು ದಾರಿ.

ನಮ್ಮ ಮನೆಯಲ್ಲಿ ದಾರಿ ಒಂದೇ ಇತ್ತು. ಕಾಪುವಿನಿಂದ ಶಿರ್ವದ ಕಡೆ ಹೋಗುವ ದಾರಿಯಲ್ಲಿ ಒಳಗೆ ನಮ್ಮ ಮನೆ. ಬಾವಿಕಟ್ಟೆಯ ಪಕ್ಕ ಬಟ್ಟೆ ಒಗೆಯುವ ಕಲ್ಲು, ಅದೇ ಮಸೆಯುವ ಕಲ್ಲೂ ಹೌದು. ನಮ್ಮೂರಿನಲ್ಲಿ ನೆಲ ಅಗೆದಲ್ಲೆಲ್ಲ ಸಿಗುವುದು ಮುರಕಲ್ಲು. ಮನೆ ಕಟ್ಟಲಿಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಮಸೆಯಲಿಕ್ಕೆ ಅದಕ್ಕಿಂತ ಕೆಟ್ಟದ್ದಿಲ್ಲ; ಕತ್ತಿಯ ಬಾಯಿ ಹಾಗೇ ಇರುತ್ತದೆ, ಕಲ್ಲೇ ಹುಡಿಯಾಗಿ ಉದುರುತ್ತದೆ. ಹಾಗಾಗಿ ಒಗೆಯುವ ಕಲ್ಲು ಕಾರ್ಕಳದ ಕಡೆಯಿಂದ ಗಾಡಿಯಲ್ಲಿ ಬಂದ ಶಿಲೆಕಲ್ಲು. ಅದರ ಒಳಗಿನ ಬೆಣಚಿನ ಕಾಳುಗಳು ಉಕ್ಕಿಗಿಂತ ಗಟ್ಟಿ, ಉಕ್ಕನ್ನು ಸವೆಸುವುದು ಅವೇ. ನಾನು ಹುಟ್ಟುವ ಹೊತ್ತಿಗೇ ಕಲ್ಲಿನ ಎಡ ಅಂಚಿನಲ್ಲಿ ದೋಣಿಯ ಹೊಟ್ಟೆಯಂಥ ತಗ್ಗು ಬಿದ್ದಿತ್ತು. ಮಳೆಗಾಲದಲ್ಲಿ ಅಲ್ಲಿ ನೀರು ನಿಂತು ಕಾಗೆಗಳು ಬಂದು ಕುಡಿಯುತ್ತಿದ್ದವು.

ಆ ಕಲ್ಲಿನಲ್ಲಿ ಮಸೆದ ಕತ್ತಿ ಕೂದಲು ಸೀಳುತ್ತಿತ್ತು ಎಂದು ಬರೆದರೆ ಓದಲಿಕ್ಕೆ ಚೆನ್ನಾಗಿರುತ್ತದೆ. ಸೀಳುತ್ತಿರಲಿಲ್ಲ. ತಗ್ಗಾದ ಕಲ್ಲಿನಲ್ಲಿ ಅಲಗಿನ ಕೋನ ನಿಲ್ಲುವುದಿಲ್ಲ, ಬಾಯಿ ದುಂಡಗಾಗುತ್ತದೆ. ಕಾಯಿ ಸುಲಿಯಲಿಕ್ಕೆ, ಸೊಪ್ಪು ಸವರಲಿಕ್ಕೆ ಆ ಹರಿತ ಸಾಕಿತ್ತು. ಅಜ್ಜಿಯ ತರಕಾರಿ ಹೆಚ್ಚುವ ಮೆಟ್ಟುಕತ್ತಿಗೂ ಅಷ್ಟೇ. ಮಟ್ಟುಗುಳ್ಳ ಬದನೆಯ ಸಿಪ್ಪೆ ತೆಳು, ಮೊಂಡು ಅಲಗಿಗೂ ಸುಲಭಕ್ಕೆ ಬಗ್ಗುತ್ತದೆ. ಆದರೆ ಹಲಸಿನ ಕಾಲ ಬಂತೆಂದರೆ ಅಲಗಿಗೆ ಮೇಣ ಮೆತ್ತಿ, ತೆಂಗಿನೆಣ್ಣೆ ಹಚ್ಚಿ, ಒಲೆಯ ಬೂದಿಯಲ್ಲಿ ತಿಕ್ಕಿ, ಬೈಗುಳವೂ ಸೇರಿ, ಒಂದು ಹಣ್ಣು ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು.

ಅಜ್ಜಿಗೆ ಒಂದು ಕಟ್ಟಳೆ ಇತ್ತು. ಅಪ್ಪಯ್ಯ ಮೆಟ್ಟುಕತ್ತಿ ಮಸೆದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು: "ಇವತ್ತು ಕತ್ತಿ ಮಸೆದಾಗಿದೆ." ಹೇಳದೆ ಮಸೆದರೆ ಯಾರದ್ದಾದರೂ ಬೆರಳು ಹೋಯಿತೆಂದೇ ಲೆಕ್ಕ. ಮೊಂಡು ಕತ್ತಿಗೆ ಕೈ ಎಷ್ಟು ಬಲ ಕೊಡಬೇಕೆಂದು ಕಲಿತಿರುತ್ತದೆ. ಅದೇ ಬಲ ಹರಿತದ ಕತ್ತಿಯ ಮೇಲೆ ಬಿದ್ದರೆ ಗುಳ್ಳದ ಜೊತೆ ಹೆಬ್ಬೆರಳೂ ಬರುತ್ತದೆ. ಆಯುಧಪೂಜೆಯ ಹಿಂದಿನ ದಿನ ಮನೆಯ ಕತ್ತಿಗಳೆಲ್ಲ ಒಟ್ಟಿಗೇ ಹರಿತವಾಗುತ್ತಿದ್ದವು. ಪೂಜೆಯ ದಿನ ಅವನ್ನು ಮುಟ್ಟುವಂತಿಲ್ಲ. ವಿಜಯದಶಮಿಯ ಮಾರನೇ ದಿನ ನಮ್ಮ ಮನೆಯಲ್ಲಿ ಅರಸಿನದ ಪಟ್ಟಿ ಕಟ್ಟಿದ ಬೆರಳು ಎರಡಾದರೂ ಇರುತ್ತಿದ್ದವು.

ನಿಜವಾದ ಹರಿತ ನಾನು ಕಂಡದ್ದು ಮೂರ್ತೆಯವರ ಕೈಯಲ್ಲಿ. ನಮ್ಮ ಹಿತ್ತಿಲಿನ ನಾಲ್ಕು ತೆಂಗಿನ ಮರಗಳನ್ನು ಕಳ್ಳು ಇಳಿಸಲಿಕ್ಕೆ ಒಬ್ಬ ಮೂರ್ತೆಯವರಿಗೆ ಕೊಟ್ಟಿದ್ದರು. ಬೆಳಿಗ್ಗೆ ಸಂಜೆ ಮರ ಹತ್ತಿ, ಬಿಗಿದು ಕಟ್ಟಿದ ಹಿಂಗಾರದ ತುದಿಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಬಿಲ್ಲೆ ತೆಗೆಯಬೇಕು. ದಪ್ಪವಾದರೆ ಹಿಂಗಾರ ಬೇಗ ಮುಗಿಯುತ್ತದೆ. ಅಲಗು ಜಜ್ಜಿದರೆ ರಸ ನಿಲ್ಲುತ್ತದೆ. ಹಾಗಾಗಿ ಅವರ ಸಂಸಾರ ನಿಂತಿದ್ದದ್ದೇ ಕತ್ತಿಯ ಬಾಯಿಯ ಮೇಲೆ. ಸೊಂಟದ ಹಿಂದೆ ಮರದ ಕೊಕ್ಕೆ, ಅದರಲ್ಲಿ ಕತ್ತಿ. ಜೊತೆಗೆ ಗೇಣುದ್ದದ ಒಂದು ಮರದ ಪಟ್ಟಿ, ಚಿಟಿಕೆ ಬಿಳಿ ಹುಡಿಯ ಒಂದು ಪೊಟ್ಟಣ. ಬೆಣಚುಕಲ್ಲನ್ನು ಸುಟ್ಟು, ಕುಟ್ಟಿ, ಬಟ್ಟೆಯಲ್ಲಿ ಸೋಸಿದ ಹುಡಿ ಅದು. ಪಟ್ಟಿಯ ಮೇಲೆ ಉದುರಿಸಿ, ಎರಡು ಹನಿ ನೀರು ಬಿಟ್ಟು, ಅಲಗನ್ನು ಮಲಗಿಸಿ ಎಳೆದರೆ ರೇಷ್ಮೆಸೀರೆಯ ನೆರಿಗೆ ಸರಿದಂಥ ಸದ್ದು. ಕಲ್ಲಿನ ಮೇಲೆ ಮಸೆದ ಹಾಗೆ ಕಿರ್ ಎನ್ನುತ್ತಿರಲಿಲ್ಲ. ಹತ್ತು ಸಲ ಆ ಕಡೆ, ಹತ್ತು ಸಲ ಈ ಕಡೆ. ಕೊನೆಗೆ ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲೆ ಓರೆಯಾಗಿ ಇಡುತ್ತಿದ್ದರು. ಜಾರಿದರೆ ಮತ್ತೆ ಹತ್ತು ಸಲ. ಕಚ್ಚಿ ನಿಂತರೆ ಮರ ಹತ್ತುವುದು.

ಹುಡುಗ ಫೋನಿನಲ್ಲಿ ಹುಡುಕುತ್ತಿದ್ದ ಪಾಕೆಟ್ ಶಾರ್ಪನರ್ ಇದೇ. ಹಗುರ, ಮುರಿಯುವುದಿಲ್ಲ, ಸವೆದರೆ ಹುಡಿ ಬದಲಿಸಿದರಾಯಿತು. ವರ್ಕ್‌ಶಾಪ್‌ನಲ್ಲಿ ಹುಡುಗರಿಗೆ ಲ್ಯಾಪಿಂಗ್ ಎಂದು ನಾನು ಕಲಿಸಿದ್ದು ಇದನ್ನೇ. ಮೃದುವಾದ ಮೈಯಲ್ಲಿ ಗಟ್ಟಿ ಹುಡಿ ಹುದುಗಿಸಿ, ಆ ಹುಡಿಯಿಂದ ಉಕ್ಕನ್ನು ತೇಯುವುದು.

ಇದೇ ಬೆಣಚಿನ ಬಿಳಿಕಲ್ಲಿಗೆ ನಮ್ಮಲ್ಲಿ ವರ್ಷಕ್ಕೊಂದು ದಿನ ಬೇರೆ ಕೆಲಸ ಉಂಟು. ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಪಾಲೆ ಮರದ ತೊಗಟೆ ತರಬೇಕು. ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಕಷಾಯಕ್ಕೆ ಬಿಳಿಕಲ್ಲನ್ನು ಕೆಂಡದಲ್ಲಿ ಕಾಸಿ ಮುಳುಗಿಸುವುದೂ ಉಂಟು. ವರ್ಷವಿಡೀ ಕತ್ತಿಯ ಸೇವೆ ಮಾಡಿದ ಕಲ್ಲು ಆ ಒಂದು ದಿನ ಕತ್ತಿಯನ್ನು ಮನೆಯಲ್ಲಿ ಕೂರಿಸಿ ತಾನೇ ಕೆಲಸಕ್ಕೆ ಹೋಗುತ್ತದೆ. ಕಷಾಯದ ಕಹಿಯ ಬಗ್ಗೆ ಬರೆಯದಿದ್ದರೇ ಒಳ್ಳೆಯದು.

ನನ್ನ ಸ್ವಂತದ ಮೊದಲ ಚೂರಿ ಅತ್ತೂರು ಸಾಂತ್‌ಮಾರಿಯದ್ದು. ಅಮ್ಮನ ತವರು ಕಾರ್ಕಳದ ಹತ್ತಿರ. ಜನವರಿಯಲ್ಲಿ ಅತ್ತೂರು ಇಗರ್ಜಿಯ ಹಬ್ಬಕ್ಕೆ ಜಾತಿಮತ ನೋಡದೆ ಊರಿಗೆ ಊರೇ ಹೋಗುತ್ತಿತ್ತು. 1974 ಇರಬೇಕು, ನನಗೆ ಹತ್ತು ವರ್ಷ. ಸಂತೆಯಲ್ಲಿ ಮಾವ ಒಂದು ಮಡಚುಕತ್ತಿ ತೆಗೆಸಿಕೊಟ್ಟರು, ಮೀನಿನ ಆಕಾರದ ತಗಡಿನ ಹಿಡಿ. ಅದಕ್ಕೆ ಬೆಣ್ಣೆ ಕೊಯ್ಯುವ ಯೋಗ್ಯತೆಯೂ ಇರಲಿಲ್ಲ. ಒಗೆಯುವ ಕಲ್ಲಿನಲ್ಲಿ ತಿಕ್ಕಿದೆ, ಗೀರು ಬಿದ್ದದ್ದೇ ಬಂತು. ಅರೆಯುವ ಕಲ್ಲಿನ ಮೇಲೆ ಅಜ್ಜಿಯ ಕಣ್ಣು. ಉಳಿದದ್ದು ದೇವರ ಕೋಣೆಯ ಗಂಧದ ಕಲ್ಲು.

ತೆಳು ಬೂದು ಬಣ್ಣದ ದುಂಡು ಕಲ್ಲು, ಮೂರು ಕಾಲಿನದ್ದು. ಕೈ ಸವರಿದರೆ ಮಗುವಿನ ಕೆನ್ನೆಯಷ್ಟು ನಯ, ಆದರೆ ಉಗುರು ಎಳೆದರೆ ಉಗುರು ಸವೆಯುತ್ತದೆ. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿನಲ್ಲಿ ನಾಲ್ಕು ಹನಿ ನೀರು ಬಿಟ್ಟು, ಗಂಧದ ಕೊರಡು ತೇಯುವ ಹಾಗೆಯೇ ಚೂರಿಯನ್ನು ತೇಯ್ದೆ. ನೀರು ಮೊದಲು ಬಿಳಿಯಾಯಿತು, ಆಮೇಲೆ ಬೂದು, ಆಮೇಲೆ ಕಪ್ಪು. ಅರ್ಧ ಗಂಟೆಯಲ್ಲಿ ಆ ತಗಡಿನ ಚೂರಿ ಬಾಳೆಎಲೆಯನ್ನು ಗಾಳಿಯಲ್ಲಿ ಹಿಡಿದು ಸೀಳಿತು. ಮನೆಯ ಅತ್ಯುತ್ತಮ ಮಸೆಗಲ್ಲು ದೇವರ ಪಾಲಾಗಿದ್ದದ್ದು ಆವತ್ತು ಗೊತ್ತಾಯಿತು. ಮರುದಿನ ಬೆಳಿಗ್ಗೆ ಅಜ್ಜ ಹಣೆಗೆ ಇಟ್ಟುಕೊಂಡ ಗಂಧ ಬೂದು ಬಣ್ಣದ್ದಾಗಿತ್ತು. ನಂತರದ್ದು ಬೆತ್ತದ ವಿಷಯ. ಚೂರಿ ಬಾವಿಗೆ ಹೋಯಿತು. ಕಲ್ಲನ್ನು ಪಂಚಗವ್ಯದಲ್ಲಿ ತೊಳೆದು ಒಳಗಿಟ್ಟರು.

ಆ ಕಲ್ಲಿಗೂ ಸಾಣೆಕಲ್ಲೆಂದೇ ಹೆಸರು, ಬೀದಿಯಲ್ಲಿ ಸೈಕಲ್ ತರುವವನದ್ದೂ ಸಾಣೆಯೇ. ಈ ಎರಡನೆಯ ಸಾಣೆಯ ಬಗ್ಗೆ ಈಗ ಎಲ್ಲರೂ ಕಣ್ಣೀರು ಹಾಕಿ ಬರೆಯುತ್ತಾರೆ. ನನಗೆ ಬರುವುದಿಲ್ಲ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿದು ಎಮರಿ ಚಕ್ರ ತಿರುಗಿಸಿ, ಕಿಡಿ ಹಾರಿಸಿ, ಉಡುಪಿಯ ಕೇರಿಗಳಲ್ಲಿ ಮಕ್ಕಳನ್ನೆಲ್ಲ ಸುತ್ತ ನಿಲ್ಲಿಸಿಕೊಳ್ಳುತ್ತಿದ್ದವರು ಕೆಟ್ಟವರೆಂದಲ್ಲ. ಆದರೆ ನೀರಿಲ್ಲದ ಚಕ್ರದಲ್ಲಿ ಅಲಗು ಕಾಯುತ್ತದೆ. ಅಂಚು ನೀಲಿಗೆ ತಿರುಗಿತೆಂದರೆ 300 ಡಿಗ್ರಿ ಮುಟ್ಟಿತೆಂದು ತಿಳಿಯಬೇಕು, ಕಮ್ಮಾರ ಕೊಟ್ಟ ಹದ ಅಲ್ಲಿಗೆ ಹೋಯಿತು. ಅಂಥ ಕತ್ತಿ ಎರಡು ದಿನ ಹರಿತ, ಮೂರನೇ ದಿನ ಮೊಂಡು. ಮುಂದಿನ ತಿಂಗಳು ಮತ್ತೆ ಸಾಣೆ. ಹೀಗೆ ಅಜ್ಜಿಯ ಮೆಟ್ಟುಕತ್ತಿ ನಾಲ್ಕು ಬೆರಳಗಲ ಇದ್ದದ್ದು ಎರಡು ಬೆರಳಗಲಕ್ಕೆ ಇಳಿಯಿತು. ತಿಂದದ್ದು ತರಕಾರಿಯಲ್ಲ, ಚಕ್ರ.

ಉಕ್ಕಿನ ಹದದ ವಿಷಯಕ್ಕೆ ತಕ್ಕ ಬುದ್ಧಿ ಕಾರ್ಕಳದಲ್ಲಿ ಇತ್ತು. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನ ಊರು ಅದು. ಶಿಲೆಗೆ ಉಳಿ ಎಷ್ಟು ಬೇಗ ಮೊಂಡಾಗುತ್ತದೆಂದು ಅಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ರೆಂಜಾಳ ಗೋಪಾಲ ಶೆಣೈಯವರು ಧರ್ಮಸ್ಥಳಕ್ಕೆಂದು 39 ಅಡಿಯ ಬಾಹುಬಲಿಯನ್ನು ಕೆತ್ತಿದ್ದೂ ಕಾರ್ಕಳದಲ್ಲೇ. 1973ರಲ್ಲಿ ಅದನ್ನು ಧರ್ಮಸ್ಥಳಕ್ಕೆ ಸಾಗಿಸಿದ್ದನ್ನು ಅಮ್ಮನ ತವರಿನವರು ವರ್ಷಗಟ್ಟಲೆ ಹೇಳುತ್ತಿದ್ದರು. ಶಿಲ್ಪಿಗಳ ಉಳಿಯನ್ನು ಮಸೆದು ಪೂರೈಸುವುದಿಲ್ಲ. ಕುಲುಮೆಯಲ್ಲಿ ಕೆಂಪಗೆ ಕಾಸಿ, ತುದಿ ಬಡಿದು, ನೀರಿಗೆ ಅದ್ದಿ ಹದ ಕೊಡಬೇಕು. ಒಬ್ಬ ಕೆತ್ತುವವನ ಹಿಂದೆ ಉಳಿಯ ರಾಶಿ, ರಾಶಿಯ ಹಿಂದೆ ತಿದಿ. ರಜೆಯಲ್ಲಿ ಅಂಥ ಒಂದು ಕೊಟ್ಟಿಗೆಯ ಮುಂದೆ ಕೂತು, ಉಳಿಯ ತುದಿಯಲ್ಲಿ ಬಣ್ಣ ಹರಿಯುವುದನ್ನು ನೋಡುತ್ತಿದ್ದೆ. ಹುಲ್ಲಿನ ಹಳದಿ, ಕಂದು, ನೇರಳೆ. ನೇರಳೆ ನೀಲಿಯಾಗುವ ಮೊದಲು ನೀರಿಗೆ. ನನ್ನ ನೌಕರಿಯ ಅರ್ಧ ಪಾಠ ಅಲ್ಲೇ ಆಗಿತ್ತು. ಈಗ ಆ ಕೊಟ್ಟಿಗೆಗಳಲ್ಲಿ ಕಾರ್ಬೈಡ್ ತುದಿಯ ಉಳಿ, ವಜ್ರದ ಹಲ್ಲಿನ ಗ್ರೈಂಡರ್. ಹುಡಿ ಜಾಸ್ತಿ, ಕೆಲಸ ಬೇಗ. ಬೇಡವೆನ್ನಲು ನಾನು ಯಾರು?

ಮಸೆಯುವ ಕಲ್ಲು ಅಂಗಡಿಯಲ್ಲಿ ಸಿಗುವ ಸಾಮಾನಾಗಿ ನಮ್ಮ ಮನೆಗೆ ಬಂದದ್ದು ಕಾರ್ಬೊರಂಡಮ್ ರೂಪದಲ್ಲಿ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲಿಕ್ಕೆ ಹೊರಟು, ವಜ್ರ ಸಿಗದೆ ಈ ಸಿಲಿಕಾನ್ ಕಾರ್ಬೈಡ್ ಸಿಕ್ಕಿದ್ದು. 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಹುಟ್ಟಿತು. ಉಡುಪಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ತರಿ, ಇನ್ನೊಂದು ಬದಿ ನಯ ಇರುವ ಕಪ್ಪು ಕಲ್ಲನ್ನು ಅಪ್ಪಯ್ಯ ತಂದರು. ಗಾತ್ರ ಸಾಬೂನಿನ ಬಾರಿನಷ್ಟು. ಅಂದಿನಿಂದ ಕತ್ತಿಯನ್ನು ಬಾವಿಕಟ್ಟೆಗೆ ಒಯ್ಯುವುದು ನಿಂತು, ಕಲ್ಲೇ ಕತ್ತಿ ಇದ್ದಲ್ಲಿಗೆ ಹೋಗತೊಡಗಿತು, ತೋಟಕ್ಕೆ, ಗದ್ದೆಗೆ, ಮದುವೆಮನೆಗೆ. ಮದುವೆಯ ಹಿಂದಿನ ರಾತ್ರಿ ತರಕಾರಿ ಕೊರೆಯಲಿಕ್ಕೆ ನೆರೆಕರೆಯವರು ತಮ್ಮ ತಮ್ಮ ಮೆಟ್ಟುಕತ್ತಿ ಹಿಡಿದುಕೊಂಡೇ ಬರುತ್ತಿದ್ದ ಕಾಲ ಅದು. ನಮ್ಮ ಕಲ್ಲು ಪಂಕ್ತಿಯುದ್ದಕ್ಕೂ ಕೈಯಿಂದ ಕೈಗೆ ದಾಟುತ್ತಿತ್ತು. ಒಂದು ಮದುವೆಯಲ್ಲಿ ದಾಟಿದ್ದು ವಾಪಸು ಬರಲಿಲ್ಲ.

ಹುಡುಗನ ಫೋನಿಗೆ ಬರುತ್ತೇನೆ.

ಏಳರಲ್ಲಿ ನಾಲ್ಕನ್ನು ನೋಡಿದ ಕೂಡಲೇ ತೆಗೆದುಹಾಕಿಸಿದೆ. ಪ್ಲಾಸ್ಟಿಕ್ಕಿನ ಹಿಡಿ, ನಡುವೆ ಸೀಳು, ಒಳಗೆ ಎರಡು ಟಂಗ್‌ಸ್ಟನ್ ಕಾರ್ಬೈಡಿನ ತುಂಡುಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ. ಚೂರಿಯನ್ನು ತೂರಿಸಿ ನಾಲ್ಕು ಸಲ ಎಳೆ, ಮುಗಿಯಿತು. ಮಾರುವವರ ಮಾತು ಸುಳ್ಳಲ್ಲ, ನಾಲ್ಕು ಎಳೆತಕ್ಕೆ ಚೂರಿ ಕಾಗದ ಕೊಯ್ಯುತ್ತದೆ. ಅದು ಮಸೆಯುವುದಲ್ಲ, ಹೆರೆಯುವುದು. ಅಲಗಿನ ಎರಡೂ ಕೆನ್ನೆಯಿಂದ ಉಕ್ಕಿನ ಸುರುಳಿ ಎದ್ದು ಬರುತ್ತದೆ, ಅಂಚು ಗರಗಸದಂತೆ ಹರಿದಿರುತ್ತದೆ, ಕೋನ ಅದು ಕೊಟ್ಟದ್ದೇ. ಸೈಕಲ್ ಸಾಣೆಯ ಮೊಮ್ಮಗ ಅದು. ನಂಬದಿದ್ದರೆ ಎಳೆದ ಮೇಲೆ ಬಿಳಿ ಕಾಗದದ ಮೇಲೆ ಬಡಿದು ನೋಡು, ಚೂರಿಯ ಆಯುಷ್ಯ ಹುಡಿಯಾಗಿ ಬಿದ್ದಿರುತ್ತದೆ ಎಂದೆ.

ಐದನೆಯದ್ದು ಕೋನ ತೋರಿಸುವ ಇಳಿಜಾರಿನ ಪಟ್ಟಿ ಇದ್ದ ಉಪಕರಣ. ಇಳಿಜಾರು 20 ಡಿಗ್ರಿಯದ್ದು. ಕೈ ಪಳಗದವರಿಗೆ ಅದು ಒಳ್ಳೆಯದೇ. ಆದರೆ ಜೇಬಿನಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಆರನೆಯದ್ದು ಪೆನ್ನಿನ ಹಾಗಿದ್ದ ವಜ್ರದ ಕಡ್ಡಿ. ಗಾಳಕ್ಕೆ, ಗರಗಸದ ಹಲ್ಲಿಗೆ ಅದು ಬೇಕು. ನೇರ ಅಲಗಿಗೆ ಅಷ್ಟು ಸಣ್ಣ ಮೈಯಲ್ಲಿ ಕೋನ ಹಿಡಿಯುವುದು ಕಷ್ಟ.

ಏಳನೆಯದ್ದು ಸ್ವೀಡನ್ನಿನ ಫಾಲ್ಕ್‌ನಿವೆನ್ ಕಂಪನಿಯ ಡಿಸಿ4. 10 ಸೆಂಟಿಮೀಟರ್ ಉದ್ದ, ಸುಮಾರು ಎರಡು ಬೆರಳಗಲ. ಒಂದು ಮೈಗೆ ವಜ್ರದ ಹುಡಿ ಅಂಟಿಸಿದ್ದು, ಇನ್ನೊಂದು ಮೈ ಸೆರಾಮಿಕ್. ಇದೇ ಮಾದರಿಯಲ್ಲಿ ಬೇರೆ ಕಂಪನಿಗಳ ಅಗ್ಗದ ಪಟ್ಟಿಗಳೂ ಉಂಟು. "ಇದು ಬರೀ ಕಲ್ಲಲ್ವಾ ಸರ್?" ಎಂದ ಹುಡುಗ, ಮೋಸ ಹೋದವನ ಮುಖ ಮಾಡಿ. ಹೌದು ಮಾರಾಯ, ಬರೀ ಕಲ್ಲೇ. ಮೂರ್ತೆಯವರ ಪಟ್ಟಿ ಮತ್ತು ಅಜ್ಜನ ಗಂಧದ ಕಲ್ಲು ಬೆನ್ನಿಗೆ ಬೆನ್ನು ಅಂಟಿಸಿದ ಹಾಗೆ. ಅಪ್ಪಯ್ಯನ ಕಲ್ಲು ಸವೆದು ತಗ್ಗಾಗುತ್ತಿತ್ತು, ನೀರೋ ಎಣ್ಣೆಯೋ ಕೇಳುತ್ತಿತ್ತು; ಇದಕ್ಕೆ ನೀರೂ ಬೇಡ. ಒತ್ತಬಾರದು, ಅಷ್ಟೇ. ವಜ್ರದ ಹುಡಿ ಕಿತ್ತುಬರುವುದು ಒತ್ತುವವರ ಕೈಯಲ್ಲೇ. ಹಳೆಯದೇ ಮೇಲು ಎನ್ನುವವರಿಗೆ ಒಂದು ಮಾತು: ನಮ್ಮ ಒಗೆಯುವ ಕಲ್ಲನ್ನೂ ಇದನ್ನೂ ಎದುರಿಗಿಟ್ಟರೆ ನಾನು ಕಣ್ಣು ಮುಚ್ಚಿ ಇದನ್ನೇ ಎತ್ತಿಕೊಳ್ಳುತ್ತೇನೆ.

ಕೋನ ಹಿಡಿಯುವುದಕ್ಕೆ ಸುಲಭದ ಉಪಾಯ ಅರ್ಧದ ಅರ್ಧ. ಚೂರಿಯನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸು, ಅರ್ಧ ಬಗ್ಗಿಸು, ಮತ್ತೆ ಅದರ ಅರ್ಧ. ಅಲ್ಲಿಗೆ 22 ಡಿಗ್ರಿ ಚಿಲ್ಲರೆ. ಜೇಬಿನ ಚೂರಿಗೆ ಇನ್ನೊಂದು ಕೂದಲೆಳೆ ಕಮ್ಮಿ, ತೋಟದ ಕತ್ತಿಗೆ ಸ್ವಲ್ಪ ಜಾಸ್ತಿ. ಅಂಚಿಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಎರಡು ಸಲ ಎಳೆದು ನೋಡಿದರೆ, ಶಾಯಿ ಎಲ್ಲಿ ಹೋಗಿದೆಯೋ ಅಲ್ಲಿ ಕಲ್ಲು ತಾಗಿದೆ ಎಂದರ್ಥ. ಒಂದು ಬದಿ ಸಾಕಷ್ಟು ಮಸೆದಾಗ ಮತ್ತೊಂದು ಬದಿಯ ಅಂಚಿನಲ್ಲಿ ಬೆರಳಿಗೆ ತರಿತರಿ ಸಿಗುತ್ತದೆ, ಉಕ್ಕು ಮಡಚಿಕೊಂಡದ್ದು. ಆಗ ಬದಿ ಬದಲಿಸಬೇಕು. ಆ ತರಿ ಬರುವ ಮೊದಲೇ ತಿರುಗಿಸುವವರೇ ನೂರಕ್ಕೆ ತೊಂಬತ್ತು ಮಂದಿ. ಆಮೇಲೆ ಕಲ್ಲು ಸರಿಯಿಲ್ಲ ಎನ್ನುತ್ತಾರೆ. ಕೊನೆಗೆ ಸೆರಾಮಿಕ್ ಮೈಯಲ್ಲಿ ಹಗುರಕ್ಕೆ ನಾಲ್ಕು ಸಲ, ಸೊಂಟದ ಬೆಲ್ಟಿನ ಒಳಮೈಯಲ್ಲಿ ಹಿಮ್ಮುಖವಾಗಿ ಹತ್ತು ಸಲ. ಕ್ಷೌರದಂಗಡಿಯಲ್ಲಿ ಕುರ್ಚಿಗೆ ತೊಗಲಿನ ಪಟ್ಟಿ ನೇತುಹಾಕಿದ್ದನ್ನು ನೋಡಿದವರಿಗೆ ಇದು ಹೊಸತಲ್ಲ.

ಇಷ್ಟೆಲ್ಲ ಹೇಳಿ, ಒಳಗಿನಿಂದ ಒಂದು ಪಿಂಗಾಣಿ ಕಪ್ಪು ತಂದು ಬೋರಲು ಹಾಕಿದೆ. ಅಡಿಯಲ್ಲಿ ಹೊಳಪು ಹಚ್ಚದ ಒರಟು ಉಂಗುರ ಇರುತ್ತದಲ್ಲ, ಅದರ ಮೇಲೆ ಅವನ ಸ್ವಿಸ್ ಚೂರಿಯನ್ನು ಎಂಟು ಹತ್ತು ಸಲ ಎಳೆದು ಕೊಟ್ಟೆ. ಉಪ್ಪಿನಕಾಯಿ ಭರಣಿಯ ತಳದಲ್ಲಿ ಅಮ್ಮ ಮಾಡುತ್ತಿದ್ದದ್ದು ಇದನ್ನೇ. ಹುಡುಗ ಕಾಗದ ಕೊಯ್ದು ನೋಡಿ, "ಹಾಗಾದ್ರೆ ಶಾರ್ಪನರ್ ಯಾಕೆ ಸರ್?" ಎಂದ. ಪಾರ್ಸೆಲ್ ಬಾಕ್ಸಿಗೆ ಬೇಡ, ಬೆಟ್ಟಕ್ಕೆ ಕಪ್ಪು ಹೊತ್ತುಕೊಂಡು ಹೋಗುತ್ತೀಯಾದರೆ ಆಗಲೂ ಬೇಡ ಎಂದೆ.

ಚೂರಿಯ ಉಕ್ಕಿನ ಬಗ್ಗೆ ಒಂದೇ ಮಾತು ಹೇಳಿದ್ದೆ. ನನ್ನ ಅಕ್ಕನ ಮಗ ಫ್ರಾನ್ಸಿನ ಕಾರ್ಬನ್ ಸ್ಟೀಲಿನ ಚೂರಿ ತರಿಸಿಕೊಂಡು, ಕಾಪುವಿನ ಸಮುದ್ರದ ಬದಿ, 1901ರ ದೀಪಸ್ತಂಭ ಕಾಣುವ ಒಂದು ಮನೆಯಲ್ಲಿ ರಾತ್ರಿ ಕಿಟಕಿಯಲ್ಲಿ ಇಟ್ಟು ಮಲಗಿದ್ದ. ಬೆಳಿಗ್ಗೆ ಚೂರಿ ಬೆಲ್ಲದ ಬಣ್ಣಕ್ಕೆ ಬಂದಿತ್ತು. "ಎಂತ ಮಾವ, ಒಂದೇ ರಾತ್ರಿಗೆ?" ಎಂದ. ಅಲ್ಲಿಯ ಗಾಳಿಗೆ ಒಂದು ರಾತ್ರಿ ಬೇಕಾದಷ್ಟಾಯಿತು. ಮಸೆದ ಮೇಲೆ ತೆಂಗಿನೆಣ್ಣೆಯ ಬೆರಳು ಸವರದಿದ್ದರೆ ಕರಾವಳಿಯಲ್ಲಿ ಮಸೆದದ್ದು ದಂಡ. ಉದ್ದದ ಬಗ್ಗೆಯೂ ಕೇಳಿದ್ದ ಹುಡುಗ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗನ್ನು 2016ರ ಆಯುಧ ನಿಯಮಗಳು ಆಯುಧದ ಪಟ್ಟಿಗೆ ಸೇರಿಸುತ್ತವೆ, ಮನೆಯ ಮತ್ತು ಕೃಷಿಯ ಕೆಲಸದ್ದನ್ನು ಬಿಟ್ಟು. ನಮ್ಮ ಮೆಟ್ಟುಕತ್ತಿ ಬಚಾವು.

ಹುಡುಗ ಆ ಪಟ್ಟಿಯಂಥದ್ದನ್ನೇ ತರಿಸಿದ, ಅಗ್ಗದ್ದು. ಜನವರಿಯಲ್ಲಿ ಕುದುರೆಮುಖದ ಕಡೆ ಹೋಗಿಬಂದು ನನ್ನ ಜಗಲಿಯಲ್ಲಿ ಕೂತ.

"ಹೇಗಾಯ್ತು?"

"ಚೂರಿ ರೂಮಲ್ಲೇ ಮರೆತೆ ಸರ್. ಕಲ್ಲು ಮಾತ್ರ ಬ್ಯಾಗಲ್ಲಿತ್ತು."

"ಮತ್ತೆ?"

"ಉಳ್ಕೊಂಡ ಮನೆಯ ಅಮ್ಮನ ಮೆಟ್ಟುಕತ್ತಿ ಮಸೆದು ಕೊಟ್ಟೆ. ತುಂಬಾ ಮೊಂಡಾಗಿತ್ತು. ನೀವು ಹೇಳಿದ ಹಾಗೇ, ತರಿ ಬರೋ ತನಕ, ಆಮೇಲೆ ಸೆರಾಮಿಕ್, ಆಮೇಲೆ ಬೆಲ್ಟ್. ಒಂದು ಗಂಟೆ ಹಿಡೀತು ಸರ್."

"ಅವರಿಗೆ ಖುಷಿಯಾಯ್ತಾ?"

ಹುಡುಗ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ.

"ನಾನು ಮಸೆದದ್ದು ಅವ್ರಿಗೆ ಗೊತ್ತಿರ್ಲಿಲ್ಲ ಸರ್. ಪತ್ರೊಡೆಗೆ ಕೆಸುವಿನ ಎಲೆ ಕೊಚ್ಚೋಕೆ ಕೂತ್ರು. ಎರಡು ಹೊಲಿಗೆ ಬಿತ್ತು."